ಎರಡನೆಯ ದಿನದ ಕರಿಸಾರು

ಕಪ್ಪಗೇ ಇರಬೇಕಲ್ಲ, ಮತ್ತೆ ಹೇಗಿರುತ್ತದೆ ಎಂದುಕೊಂಡು ವಿಲ್ಬರ್ತ್ ಸೆತಿನಾ ಕಕ್ಕಸಿಗೆ ನೀರು ಬಿಟ್ಟ. ನಿನ್ನೆ ಅತ್ತೆಯ ಹುಟ್ಟುಹಬ್ಬ. ಮೆಣಸಿನಕಾಯಿಯನ್ನು ಇದ್ದಲಾಗುವಷ್ಟು ಸುಟ್ಟು, ಅರೆದು, ಟರ್ಕಿ ಕೋಳಿ ಹಾಕಿ ಕುದಿಸಿದ ಕರಿಸಾರು. ಅದನ್ನು ಉಂಡ ಮರುದಿನ ಮೇರಿದಾ ಊರಿನಲ್ಲಿ ಮೇಯರೂ ಕಪ್ಪಗೇ ಹೋಗುತ್ತಾನೆ, ಬಿಷಪ್ಪನೂ ಕಪ್ಪಗೇ ಹೋಗುತ್ತಾನೆ.

ನೀರು ಸುತ್ತಿ ಸುತ್ತಿ ಇಳಿಯಿತು. ಪಿಂಗಾಣಿಗೆ ಅಂಟಿದ್ದು ಮಾತ್ರ ಇಳಿಯಲಿಲ್ಲ. ಡಾಂಬರಿನ ಹಾಗೆ ಹೊಳೆಯುತ್ತ ಕೂತಿತ್ತು. ವಾಸನೆಯೂ ಇತ್ತು. ಒಂದು ಸಲ ಮೂಗಿಗೆ ಬಿದ್ದರೆ ಸಾಯುವ ತನಕ ಮರೆಯುವುದಿಲ್ಲ ಎಂದು ಅವನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಹೇಳಿಕೊಡುವ ವಾಸನೆ. ಅವನು ಬ್ರಷ್ಷು ತೆಗೆದುಕೊಂಡು ತಿಕ್ಕಿದ. ತಿಕ್ಕುತ್ತ ತಿಕ್ಕುತ್ತ ನಗು ಬಂತು.

ಸಾರು ಉಂಡದ್ದು ನಿನ್ನೆ. ಕಪ್ಪು ಶುರುವಾದದ್ದು ಅದಕ್ಕೂ ಎರಡು ದಿನ ಮೊದಲು. ಈ ಲೆಕ್ಕವನ್ನು ಅವನು ಮಾಡಲಿಲ್ಲ. ಕರುಳಿನ ಡಾಕ್ಟರಾದ ಅವನಿಗೆ ಲೆಕ್ಕ ಬರುವುದಿಲ್ಲವೆಂದಲ್ಲ. ಮಾಡಲಿಲ್ಲ, ಅಷ್ಟೆ.

ಎದ್ದು ನಿಂತಾಗ ಕಣ್ಣಿನ ಮುಂದೆ ಬೆಳ್ಳಗೆ ಚುಕ್ಕಿಗಳು ಕುಣಿದವು. ಬೇಸಿನ್ನು ಹಿಡಿದುಕೊಂಡ. ನೆಲ ಮೆತ್ತಗಾಗಿತ್ತು, ತಲೆ ಹತ್ತಿಯಾಗಿತ್ತು. ವರ್ಷಗಳಿಂದ ಎದೆಯ ಮೇಲೆ ಕೂತಿದ್ದ, ಹೆಸರಿಲ್ಲದ, ಹೊಟ್ಟೆಗೆ ಇಳಿಸುವ ಯಾವ ಕ್ಯಾಮೆರಾಕ್ಕೂ ಸಿಗದ ಒಂದು ಭಾರ ಎದ್ದು ಎಲ್ಲಿಗೋ ಹೊರಟುಹೋಗಿತ್ತು. ಕನ್ನಡಿಯ ಮುಂದೆ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಎಳೆದ. ನೋಡುವ ಮೊದಲೇ ಬಿಟ್ಟುಬಿಟ್ಟ.

ಗೂಡಿನಲ್ಲಿ ಮಂಡಿನೋವಿನ ಮಾತ್ರೆಯ ಡಬ್ಬಿ ಇತ್ತು. ಬೆಳಿಗ್ಗೆ ಒಂದು, ಸಂಜೆ ಒಂದು, ಖಾಲಿ ಹೊಟ್ಟೆಗೆ, ಕಾಫಿಯ ಜೊತೆ. ರೋಗಿಗಳು ಹೀಗೆ ತೆಗೆದುಕೊಂಡರೆ ಅವನು ಜನ್ಮ ಜಾಲಾಡಿಬಿಡುತ್ತಿದ್ದ. ದೀಪದ ಕೆಳಗೆ ಕತ್ತಲು ಎನ್ನುತ್ತಾರೆ. ಈ ದೀಪಕ್ಕೆ ತನ್ನ ಕೆಳಗಿನ ಕತ್ತಲು ಚೆನ್ನಾಗಿಯೇ ಕಾಣುತ್ತಿತ್ತು. ಹೊಟ್ಟೆಯೊಳಗೆ ಎಲ್ಲೋ ಹುಣ್ಣಾಗಿದೆ, ರಕ್ತ ಸೋರುತ್ತಿದೆ, ಹಾಗಾಗಿ ತಲೆ ಹಗುರ. ಆದರೆ ಕಾರಣ ಗೊತ್ತಾದ ಮಾತ್ರಕ್ಕೆ ಸಂತೋಷ ಸುಳ್ಳಾಗುತ್ತದೆಯೇ?

"ಆಯ್ತಾ?" ಹೊರಗಿನಿಂದ ಹೆಂಡತಿ ಲಿಹಿಯಾ ಕೇಳಿದಳು.

"ಆಯ್ತು."

"ಯಾರ ಜೊತೆ ನಗ್ತಿದ್ರಿ?"

"ಯಾರೂ ಇಲ್ಲ."

"ಮಧ್ಯಾಹ್ನ ಅಮ್ಮನ ಮನೆಗೆ ಬಂದುಬಿಡಿ. ಸಾರು ಮಿಕ್ಕಿದೆ. ಎರಡನೇ ದಿನದ್ದೇ ಅಲ್ವಾ ರುಚಿ."

"ಬರ್ತೀನಿ."

ಅವಳು ಕೋಣೆಗೆ ಹೋಗಿ ರಾತ್ರಿ ಮಲಗಿದ್ದ ಜೋಲಿಗಳನ್ನು ಕೊಕ್ಕೆಯಿಂದ ಬಿಚ್ಚಿ ಸುತ್ತಿಟ್ಟಳು. ಅವಳ ಜೋಲಿ ಈ ಗೋಡೆಗೆ, ಅವನದು ಆ ಗೋಡೆಗೆ. ಮದುವೆಯಾದ ಹೊಸದರಲ್ಲಿ ಇಬ್ಬರದೂ ಒಂದೇ ಇತ್ತು. ಈಗ ಇಬ್ಬರ ಕಡೆಗೂ ತಿರುಗುವುದು ಮೇಜಿನ ಮೇಲಿನ ಫ್ಯಾನು ಮಾತ್ರ.

*

ಆ ಊರಿನ ಆಸ್ಪತ್ರೆಗಳಲ್ಲಿ ಹೊಟ್ಟೆಯ ರೋಗಿಗೆ ಕೇಳುವ ಮೊದಲ ಪ್ರಶ್ನೆ ಹೆಸರಲ್ಲ, ವಯಸ್ಸಲ್ಲ. ನಿನ್ನೆ ಏನು ಉಂಡಿರಿ?

"ಕರಿಸಾರು," ಎಂದ ಮುದುಕ. ಹೆಸರು ಫುಲ್ಹೆನ್ಸಿಯೊ ಊಕ್, ಹಳ್ಳಿಯಲ್ಲಿ ಜೋಲಿ ನೇಯುವವನು. "ಮೊಮ್ಮಗಳ ನಾಮಕರಣ ಇತ್ತು ಡಾಕ್ಟ್ರೇ. ಕಪ್ಪಗೆ ಹೋಯ್ತು ಅಂದಿದ್ದೇ ತಪ್ಪಾಯ್ತು, ಇವಳು ಎಳ್ಕೊಂಡು ಬಂದ್ಲು. ನಾನು ಗುಂಡುಕಲ್ಲು ಇದ್ದ ಹಾಗಿದೀನಿ."

"ಗುಂಡುಕಲ್ಲು ಬೆಳಿಗ್ಗೆ ಬಾವಿ ಹತ್ರ ಬಿದ್ದಿತ್ತಲ್ಲ," ಎಂದಳು ಮಗಳು.

ವಿಲ್ಬರ್ತನ ಪಕ್ಕದಲ್ಲಿ ತರಬೇತಿಯ ಡಾಕ್ಟರು ಯಾಮಿಲೆ ನಿಂತಿದ್ದಳು. ಲೆಬನಾನಿನಿಂದ ಬಂದ ಬಟ್ಟೆ ವ್ಯಾಪಾರಿಗಳ ಮನೆತನದ ಹುಡುಗಿ. ಮಾತು ಕಡಿಮೆ, ಕಣ್ಣು ಜಾಸ್ತಿ. ಅವಳ ಹಿಂದೆ ನಾಲ್ಕೈದು ವಿದ್ಯಾರ್ಥಿಗಳು.

"ಏನು ಹೇಳ್ತೀಯ?" ಅವನು ಕೇಳಿದ.

"ಊಟದ ಕಪ್ಪು ಇರಬಹುದು."

"ಇರಬಹುದು. ಸಾರಿನ ಮೇಲೆ ಭಾರ ಹಾಕೋದು ಈ ಊರಿನ ದೊಡ್ಡ ರೋಗ. ನಮ್ಮ ಸ್ಮಶಾನದಲ್ಲಿ ಅರ್ಧ ಜನ ಸಾರಿನ ಕಪ್ಪು ಅಂದುಕೊಂಡೇ ಮಲಗಿರೋದು."

ವಿದ್ಯಾರ್ಥಿಗಳು ನಕ್ಕರು. ಡಾಕ್ಟರು ಹಾಸ್ಯ ಮಾಡಿದ್ದನ್ನು ಅವರು ಈ ಮೊದಲು ಕಂಡಿರಲಿಲ್ಲ. ಅವನು ಕೈಗವಸು ತೊಟ್ಟು, ಮುದುಕನನ್ನು ಮಗ್ಗುಲಿಗೆ ತಿರುಗಿಸಿ, ಬೆರಳು ಹಾಕಿ ತೆಗೆದು ಅವರ ಮೂಗಿನ ಮುಂದೆ ಹಿಡಿದ.

"ಸಾರಿನ ಕಪ್ಪು ಅಂಟೋದಿಲ್ಲ. ಇದು ಅಂಟುತ್ತೆ. ಸಾರಿನ ಕಪ್ಪಿಗೆ ಈ ವಾಸನೆ ಇರೋದಿಲ್ಲ. ಮುಖ ತಿರುಗಿಸಬೇಡಿ, ಇದೇ ನಿಮ್ಮ ಅನ್ನ. ರಕ್ತ ಮೇಲೆಲ್ಲೋ ಸೋರಿ, ಹೊಟ್ಟೆಯ ಹುಳಿಯಲ್ಲಿ ಬೆಂದು, ಇಡೀ ಕರುಳು ಸುತ್ತಿ ಬಂದಾಗ ಹೀಗಾಗುತ್ತೆ. ರೆಪ್ಪೆ ಎಳೆದು ನೋಡಿ. ಕೆಂಪಗಿರಬೇಕಾದ್ದು ಸುಣ್ಣದ ಗೋಡೆಯಾಗಿದೆ. ಮಲಗಿದ್ದಾಗ ನಾಡಿ ಎಷ್ಟು, ಎಬ್ಬಿಸಿ ಕೂರಿಸಿದರೆ ಎಷ್ಟು? ಓಡ್ತಾ ಇದೆಯಾ? ಓಡಲೇಬೇಕು. ನೀರು ಕಡಿಮೆಯಾದ ಬಾವೀಲಿ ರಾಟೆ ಜಾಸ್ತಿ ತಿರುಗಬೇಕು."

ಮುದುಕ ಸೊಂಟನೋವಿಗೆ ಅಂಗಡಿಯ ಮಾತ್ರೆ ನುಂಗುತ್ತಿದ್ದದ್ದು ಹೊರಬಿತ್ತು. ಒಂದೋ ಎರಡೋ ಎಂದ. ಒಂದೋ ಎರಡೋ ಎಂದರೆ ನಾಲ್ಕು ಎಂದು ಬರೆದುಕೊಳ್ಳಿ ಎಂದ ವಿಲ್ಬರ್ತ್. ಎರಡೂ ತೋಳಿಗೆ ದಪ್ಪ ಸೂಜಿ, ಸಲೈನು, ಹುಳಿ ತಡೆಯುವ ಔಷಧಿ ನರಕ್ಕೆ, ರಕ್ತದ ಗುಂಪು, ಎರಡು ಚೀಲ ರಕ್ತ, ಆಮೇಲೆ ಕ್ಯಾಮೆರಾ. ಎಲ್ಲವನ್ನೂ ಹಾಡಿನ ಹಾಗೆ ಹೇಳುತ್ತ ಹೋದ. ಹೇಳುತ್ತಿದ್ದವನಿಗೆ ತಾನು ಹೇಳುತ್ತಿದ್ದದ್ದು ಯಾರ ವಿಷಯ ಎಂಬುದೂ ಗೊತ್ತಿತ್ತು. ಅದರಿಂದ ಹಾಡು ಕೆಡಲಿಲ್ಲ, ಇನ್ನೂ ಏರಿತು.

"ಖುಷಿಯಾಗಿದೀರಿ ಡಾಕ್ಟ್ರೇ," ಎಂದ ಮುದುಕ.

"ಹೌದಾ?"

"ನನಗೂ ಹಾಗೇ ಆಗಿದೆ. ತಲೆ ಹಗುರ. ನಿನ್ನೆ ರಾತ್ರಿ ನನ್ನ ಹೆಂಡತಿ ಮೇಲೆ ಪ್ರೀತಿ ಬಂದುಬಿಡ್ತು. ಇದ್ದಾಗ ಒಂದು ದಿನ ಬಂದಿರಲಿಲ್ಲ. ಸತ್ತು ಒಂಬತ್ತು ವರ್ಷ ಆಯ್ತು ಪಾಪ."

ವಿಲ್ಬರ್ತ್ ಕೈಗವಸನ್ನು ಬಿಚ್ಚಿ ಬುಟ್ಟಿಗೆ ಹಾಕಿದ.

ಕ್ಯಾಮೆರಾದ ಕೊಳವೆ ಇಳಿಯಿತು. ಪರದೆಯ ಮೇಲೆ ಮುದುಕನ ಒಳಗು ಗುಲಾಬಿಯಾಗಿ, ಒದ್ದೆಯಾಗಿ ತೆರೆದುಕೊಂಡಿತು. ಜಠರ ಮುಗಿದು ಕರುಳು ಶುರುವಾಗುವ ಬಾಗಿಲಿನಲ್ಲಿ ಹುಣ್ಣು, ಹುಣ್ಣಿನ ನಡುವೆ ರಕ್ತದ ಕೆಂಪು ನೂಲೊಂದು ಚಿಮ್ಮುತ್ತಿತ್ತು. ಸುತ್ತ ಸೂಜಿಮದ್ದು ಹಾಕಿದ. ಒಂದು ಕ್ಲಿಪ್ಪು ಒತ್ತಿದ, ಮತ್ತೊಂದು ಒತ್ತಿದ. ನೂಲು ತೆಳ್ಳಗಾಯಿತು, ಹನಿಯಾಯಿತು, ನಿಂತಿತು. ವಿದ್ಯಾರ್ಥಿಗಳು ಉಸಿರು ಬಿಟ್ಟರು. ವಿಲ್ಬರ್ತನಿಗೆ ಮಾತ್ರ ಯಾರದೋ ಮನೆಗೆ ನುಗ್ಗಿ ಉರಿಯುವ ದೀಪ ಆರಿಸಿ ಬಂದ ಹಾಗಾಯಿತು.

ಮೊದಲ ಚೀಲದ ರಕ್ತ ಮುಗಿದ ಮೇಲೆ ವಾರ್ಡಿಗೆ ಹೋಗಿ ನೋಡಿದ. ಮುದುಕನ ತುಟಿಗೆ ಬಣ್ಣ ಬಂದಿತ್ತು.

"ಇದೇನು ಹಾಸಿಗೆಯಾ, ಹೆಣ ಇಡೋ ಕಟ್ಟೆಯಾ?" ಮುದುಕ ಗೊಣಗಿದ. "ಒಂದು ಜೋಲಿ ಕಟ್ಟೋಕೆ ಕೊಕ್ಕೆ ಇಲ್ಲ. ಸೊಂಟ ಮುರೀತಿದೆ. ಇವಳಿಗೆ ಹೇಳಿದೆ, ಕರ್ಕೊಂಡು ಬರಬೇಡ ಅಂತ."

"ಸದ್ಯ, ಅಪ್ಪ ಸರಿಹೋದ್ರು," ಎಂದಳು ಮಗಳು.

"ಹೇಗೆ ಗೊತ್ತಾಯ್ತು?"

"ಬೈಯೋಕೆ ಶುರು ಮಾಡಿದ್ರಲ್ಲ ಡಾಕ್ಟ್ರೇ."

"ನಿಮ್ಮ ಹೆಂಡತಿ?" ವಿಲ್ಬರ್ತ್ ಮುದುಕನ ಕಡೆಗೆ ಬಗ್ಗಿ ಮೆಲ್ಲಗೆ ಕೇಳಿದ.

"ಯಾವ ಹೆಂಡತಿ?" ಮುದುಕ ಗೋಡೆಯ ಕಡೆ ತಿರುಗಿಕೊಂಡ. "ಸತ್ತವರ ವಿಷಯ ಯಾಕೆ ಈಗ."

ಆಗ ಅವನು ನಿರ್ಧಾರ ಮಾಡಿದ. ನಿರ್ಧಾರ ಎನ್ನುವುದು ದೊಡ್ಡ ಮಾತು. ಹೇಳಿಕೊಳ್ಳದೆ ಇರುವುದನ್ನು ಇನ್ನೊಂದು ದಿನ ಮುಂದುವರಿಸೋಣ ಎಂದುಕೊಂಡ. ಹೀಗೆ ಸೋರಿಕೊಂಡು ಎಷ್ಟು ದೂರ ಹೋಗಬಹುದು ಎಂಬುದು ಅವನಷ್ಟು ಚೆನ್ನಾಗಿ ಆ ಕಟ್ಟಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸತ್ತುಹೋಗಬಹುದು. ಸಾಯುವುದು ಅವನಿಗೆ ಬೇಕಿರಲಿಲ್ಲ. ವಾಸಿಯಾಗುವುದೂ ಬೇಕಿರಲಿಲ್ಲ.

ವಾರ್ಡಿನ ಹೊರಗೆ ಗೋಡೆ ಹಿಡಿದುಕೊಂಡು ನಿಂತವನ ಎದುರಿಗೆ ಯಾಮಿಲೆ ಬಂದಳು.

"ಡಾಕ್ಟ್ರೇ, ನಿಮ್ಮ ಕಣ್ಣು ತೋರಿಸಿ."

"ಇವತ್ತು ಪರೀಕ್ಷೆ ನನಗಾ?"

"ಬೆಳ್ಳಗಿದೀರಿ."

"ನಮ್ಮಜ್ಜಿ ಸ್ಪೇನಿನವಳು."

ಅವಳು ನಗಲಿಲ್ಲ. "ನಿನ್ನೆ ಏನು ಉಂಡಿರಿ?"

"ಕರಿಸಾರು."

ಪಕ್ಕದಲ್ಲಿದ್ದ ನರ್ಸುಗಳು ಗೊಳ್ಳೆಂದು ನಕ್ಕರು. ಅವನೂ ನಕ್ಕ. ಎಷ್ಟು ಸಲೀಸಾದ ಮಾತು ಅದು. ಹೇಳಿದ್ದೂ ನಿಜವೇ.

"ಸಾರಿನ ಕಪ್ಪು ಅಂಟೋದಿಲ್ಲ ಅಂತ ನೀವೇ..."

"ನೀನು ನೋಡಿದೀಯಾ, ಅಂಟಿದ್ದು?"

"ಇಲ್ಲ."

"ನೋಡದೆ ರೋಗ ಹೇಳಬಾರದು. ಅದನ್ನೂ ನಾನೇ ಹೇಳಿಕೊಟ್ಟದ್ದು."

ಅವನು ಕೈ ಬೀಸಿಕೊಂಡು ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲು ಇದ್ದ ಜಾಗದಲ್ಲಿ ಇರಲಿಲ್ಲ.

*

ಹೊರಗೆ ಬಿಸಿಲು ಹಳದಿ ಗೋಡೆಗಳ ಮೇಲೆ ಕುಣಿಯುತ್ತಿತ್ತು. ಅತ್ತೆಯ ಮನೆ ಎರಡು ಬೀದಿಯಾಚೆ. ಐಸು ಮಾರುವವನಿಗೆ ನಮಸ್ಕಾರ ಹೇಳಿದ. ನೆರಳಿನಲ್ಲಿ ಮಲಗಿದ್ದ ನಾಯಿಗೆ, ಏನಪ್ಪಾ ಊಟ ಆಯ್ತಾ ಎಂದ. ದಿನಾ ನಡೆಯುವ ಬೀದಿ. ಇಲ್ಲಿ ಇಷ್ಟೊಂದು ಕಿಟಕಿಗಳಿದ್ದದ್ದು, ಕಿಟಕಿಗಳ ಹಿಂದೆ ಜನ ಪಾತ್ರೆ ಸದ್ದು ಮಾಡುತ್ತ ಬದುಕುತ್ತಿದ್ದದ್ದು ಅವನಿಗೆ ಗೊತ್ತೇ ಇರಲಿಲ್ಲ. ಅಳು ಬರುವಷ್ಟು ಸಂತೋಷವಾಯಿತು. ಮಂಡಿಯೂ ನೋಯುತ್ತಿರಲಿಲ್ಲ.

"ಬನ್ನಿ ಅಳಿಯಂದ್ರೇ," ಎಂದಳು ಅತ್ತೆ, ಡೋನ್ಯಾ ಆಡಿ. ಆಕೆಯ ಕರಿಸಾರಿಗೆ ಆ ಬಡಾವಣೆಯಲ್ಲಿ ಆಕೆಗಿಂತ ಹೆಚ್ಚು ಮರ್ಯಾದೆ. "ನಿನ್ನೆಯಿಂದ ಕೋಳಿ ಸಾರಿನಲ್ಲಿ ಊರಿದ್ದೇ ಊರಿದ್ದು. ಇವತ್ತು ನೋಡಿ ಹೇಗೆ ಬಂದಿದೆ."

ಬಟ್ಟಲಿನಲ್ಲಿ ಸಾರು ಇದ್ದಲ ನೀರಿನಂತೆ ನಿಂತಿತ್ತು. ವಿಲ್ಬರ್ತ್ ಮೆಕ್ಕೆಜೋಳದ ರೊಟ್ಟಿ ಮುರಿದು ಅದ್ದಿ ಉಂಡ. ಹಸಿವಿರಲಿಲ್ಲ. ಆದರೂ ಬಟ್ಟಲು ಮುಗಿದ ಕೂಡಲೇ ಚಾಚಿದ. ಇವತ್ತು ಉಂಡರೆ ನಾಳೆಯ ಕಪ್ಪಿಗೆ ಕಾರಣ ಇರುತ್ತದೆ. ಹೆಚ್ಚು ಉಂಡರೆ ನಾಡಿದ್ದಿನದಕ್ಕೂ. ಡಾಕ್ಟರು ಡಾಕ್ಟರಿಗೇ ಹೇಳಬೇಕಾದ ಸುಳ್ಳನ್ನು ಅತ್ತೆ ಸೌಟಿನಿಂದ ಬಡಿಸುತ್ತಿದ್ದಳು. ಮೂರನೆಯ ಸಲ ಬಡಿಸಿಕೊಂಡಾಗ ಆಕೆಯ ಕಣ್ಣಲ್ಲಿ ನೀರು ಬಂತು. ಈ ಅಳಿಯ ಇಷ್ಟು ವರ್ಷದಲ್ಲಿ ಎರಡನೆಯ ಬಟ್ಟಲನ್ನೇ ಕೇಳಿದವನಲ್ಲ.

ಆಕೆ ಇನ್ನಷ್ಟು ರೊಟ್ಟಿ ತರಲು ಒಳಗೆ ಹೋದಳು. ಲಿಹಿಯಾ ಎದುರಿಗೆ ಕೂತಿದ್ದಳು.

"ಲಿಹಿಯಾ."

"ಹೂಂ."

"ಮೂರು ದಿನದಿಂದ ನನಗೆ ತುಂಬ ಖುಷಿಯಾಗಿದೆ."

ಅವಳು ರೊಟ್ಟಿಯನ್ನು ಎರಡು ತುಂಡು ಮಾಡಿದಳು. "ಏನಾದ್ರೂ ಆಯ್ತಾ?"

"ಏನೂ ಆಗಿಲ್ಲ."

"ಏನೂ ಆಗದೆ ಖುಷಿ ಯಾಕೆ?"

ನ್ಯಾಯವಾದ ಪ್ರಶ್ನೆ. ರಕ್ತ ಎಂದರೆ ಸಾಕಾಗಿತ್ತು. ಅವಳು ಎದ್ದು ಫೋನು ಮಾಡುತ್ತಿದ್ದಳು, ಎಲ್ಲ ಕ್ರಮಪ್ರಕಾರ ನಡೆಯುತ್ತಿತ್ತು. ಆದರೆ ಅವನು ಹೇಳಬೇಕೆಂದಿದ್ದದ್ದು ರಕ್ತದ ವಿಷಯವಲ್ಲ. ಫ್ಯಾನಿನ ಆಚೆ ಮಲಗುವ ನೀನು ಈ ಮೂರು ರಾತ್ರಿ ನನಗೆ ಕಾಣಿಸಿದೆ, ನಿನ್ನ ಜೋಲಿಯ ನೂಲು ಕಿರುಗುಟ್ಟುವ ಸದ್ದು ಕೇಳಿಕೊಂಡು ಎಚ್ಚರವಾಗಿದ್ದೆ, ಎದ್ದು ಬರಬೇಕೆನ್ನಿಸಿತು ಎಂದು ಹೇಳಬೇಕಿತ್ತು.

"ಸುಮ್ಮನೆ," ಎಂದ.

ಅವಳು ತಲೆಯೆತ್ತಿ ಅವನನ್ನು ನೋಡಿದಳು. ಎಷ್ಟೋ ಕಾಲದ ಮೇಲೆ ನೋಡಿದಳು. "ಯಾರವಳು?"

"ಯಾರು?"

"ಕೇಳ್ತಿದೀನಿ, ಯಾರವಳು?"

ಅವನಿಗೆ ತಡೆಯಲಾಗದೆ ನಗು ಬಂತು. ಇಲ್ಲ, ಯಾರೂ ಇಲ್ಲ ಎಂದು ನಗುತ್ತಲೇ ಹೇಳಿದ. ನಗುತ್ತ ಹೇಳಿದ್ದರಿಂದ ಅದು ಸುಳ್ಳಾಗಿ ಕೇಳಿಸಿತು. ಲಿಹಿಯಾಳ ಮುಖ ಕೆಂಪಾಯಿತು. ಕೋಪದಲ್ಲಿ ಎಷ್ಟು ಚೆನ್ನಾಗಿ ಕಾಣುತ್ತಾಳೆ, ಎಷ್ಟೊಂದು ರಕ್ತ ಇದೆ ಇವಳಲ್ಲಿ ಎಂದುಕೊಂಡ. ಅವಳ ಕೈ ಹಿಡಿಯೋಣವೆಂದು ಎದ್ದ.

ಹಿತ್ತಿಲ ಬಾಗಿಲಿನಾಚೆ ಹುಳಿ ಕಿತ್ತಳೆಯ ಗಿಡ ಇತ್ತು. ಅದರ ಹಣ್ಣುಗಳೆಲ್ಲ ಒಟ್ಟಿಗೆ ಅವನ ಹತ್ತಿರ ಬಂದವು. ಎಷ್ಟು ಒಳ್ಳೆಯ ಹಣ್ಣುಗಳು ಎನ್ನಿಸಿತು. ಆಮೇಲೆ ಕೆನ್ನೆಗೆ ತಣ್ಣಗೆ ನೆಲ.

"ನನ್ನ ಸಾರು ಉಂಡು ಇವತ್ತಿನ ತನಕ ಒಬ್ಬರೂ ಬಿದ್ದಿಲ್ಲ," ಎನ್ನುವ ಅತ್ತೆಯ ದನಿ ಬಹಳ ಮೇಲಿನಿಂದ ಕೇಳಿಸಿತು. "ಬೇಕಾದ್ರೆ ಅಕ್ಕಪಕ್ಕದವರನ್ನ ಕೇಳಿ."

*

ಆಸ್ಪತ್ರೆಯ ಗಾಲಿಮಂಚದ ಮೇಲೆ ಕಣ್ಣು ಬಿಟ್ಟಾಗ ಯಾಮಿಲೆ ಅವನ ತೋಳಿಗೆ ರಕ್ತದ ಚೀಲ ಜೋಡಿಸುತ್ತಿದ್ದಳು.

"ಇಷ್ಟು ಬೇಗ ಎಲ್ಲಿ ಸಿಕ್ತು?"

"ನಿಮ್ಮ ಗುಂಪಿನದು ಬೆಳಿಗ್ಗೆಯೇ ತೆಗೆದಿಡೋಕೆ ಹೇಳಿದ್ದೆ," ಎಂದಳು. "ನೋಡದೇನೇ."

ಬಾಗಿಲ ಬಳಿ ಅವನ ಸಹೋದ್ಯೋಗಿ ಗಾಸ್ಪಾರ್ ಲಿಹಿಯಾಳಿಗೆ ವಿವರಿಸುತ್ತಿದ್ದ. ಹೊಟ್ಟೆಯೊಳಗೆ ರಕ್ತ ಸೋರುತ್ತಿದೆ, ಮೂರ್ನಾಲ್ಕು ದಿನದಿಂದ ಇರಬೇಕು, ತಲೆಗೆ ರಕ್ತ ಸಾಲದೆ ಹೀಗೆ ಒಂಥರಾ ಅಮಲು ಬರುವುದುಂಟು, ನಗುವುದು, ಏನೇನೋ ಮಾತಾಡುವುದು.

"ಅಂದ್ರೆ ಖುಷಿ ಅಂತ ಹೇಳ್ತಿದ್ದದ್ದು..."

"ಅದೇ. ಬರೀ ರಕ್ತ ಹೋಗಿದ್ದಕ್ಕೆ."

"ಅಷ್ಟೇನಾ," ಎಂದಳು ಲಿಹಿಯಾ.

ಅವಳ ಭುಜ ಇಳಿದದ್ದನ್ನು ವಿಲ್ಬರ್ತ್ ಕಂಡ. ಮುಖದ ಕೆಂಪು ಹೋಗಿ ದಿನದ ಮುಖ ವಾಪಸು ಬಂತು. ಗಂಡನಿಗೆ ರಕ್ತ ಸೋರುತ್ತಿದೆ ಎಂದು ಕೇಳಿ ಅವಳಿಗೆ ನೆಮ್ಮದಿಯಾಗಿತ್ತು. ಆ ನೋವು ಮಾತ್ರ ಅಮಲಿನೊಳಗೂ ನೆಟ್ಟಗೆ ಬಂದು ನಾಟಿತು.

ಅವಳು ಹತ್ತಿರ ಬಂದು ಹೊದಿಕೆ ಸರಿಮಾಡಿದಳು. "ಮೊದಲೇ ಹೇಳಬಾರದಿತ್ತಾ?"

"ಹೇಳಿದೆನಲ್ಲ."

ಗಾಸ್ಪಾರ್ ನಾಡಿ ಹಿಡಿದು ನೋಡಿ ಹುಬ್ಬು ಗಂಟಿಕ್ಕಿದ. "ಕಾಯೋಕೆ ಟೈಮಿಲ್ಲ. ಈಗಲೇ ಕ್ಯಾಮೆರಾ ಹಾಕಬೇಕು. ಕೊನೆಗೆ ಊಟ ಮಾಡಿದ್ದು ಯಾವಾಗ?"

ಯಾಮಿಲೆ ಲಿಹಿಯಾಳ ಕಡೆ ತಿರುಗಿದಳು.

"ಈಗ ತಾನೇ," ಎಂದಳು ಲಿಹಿಯಾ. "ಮೂರು ಸಲ ಬಡಿಸಿಕೊಂಡ್ರು."

"ಏನನ್ನ?"

ಅವಳು ಹೇಳಿದಳು. ಗಾಸ್ಪಾರ್ ಹಿಡಿದಿದ್ದ ನಾಡಿ ಬಿಟ್ಟ. "ವಿಲ್ಬರ್ತ್, ನೀನು ಡಾಕ್ಟರೋ, ದನವೋ? ಹೊಟ್ಟೆ ತುಂಬ ಕರಿಸಾರು ತುಂಬಿಕೊಂಡು ಬಂದು ಒಳಗೆ ಕಪ್ಪು ಹುಡುಕು ಅಂತೀಯಲ್ಲ. ಹೊಟ್ಟೆ ತುಂಬಿರೋವಾಗ ಮಂಪರಿನ ಮದ್ದೂ ಕೊಡೋ ಹಾಗಿಲ್ಲ. ವಾಂತಿ ಶ್ವಾಸಕ್ಕೆ ಹೋದ್ರೆ ಮುಗೀತು. ಎಚ್ಚರವಾಗೇ ಮಾಡಿಸ್ಕೋಬೇಕು."

"ಪರದೆ ನನ್ನ ಕಡೆ ತಿರುಗಿಸು," ಎಂದ ವಿಲ್ಬರ್ತ್.

ಗಂಟಲಿಗೆ ಮರಗಟ್ಟುವ ಮದ್ದು ಹೊಡೆದರು. ಮಗ್ಗುಲಿಗೆ ಮಲಗಿಸಿ, ಕೊಳವೆಯನ್ನು ಕಚ್ಚದ ಹಾಗೆ ಹಲ್ಲುಗಳ ನಡುವೆ ಪ್ಲಾಸ್ಟಿಕ್ಕಿನ ಉಂಗುರ ಇಟ್ಟು ಪಟ್ಟಿ ಬಿಗಿದರು. ತೋಳಿನಿಂದ ಯಾರದೋ ರಕ್ತ ತಣ್ಣಗೆ ಏರುತ್ತಿತ್ತು. ಏರಿದಷ್ಟೂ ಕಾಲು ಕಾಲಾಯಿತು, ಬೆನ್ನು ಬೆನ್ನಾಯಿತು. ಮಂಡಿ ನೋಯತೊಡಗಿತು. ಬೇಡ, ಸ್ವಲ್ಪ ನಿಧಾನ ಎನ್ನಬೇಕೆನ್ನಿಸಿತು. ಬಾಯಿ ಅವನದಾಗಿರಲಿಲ್ಲ.

ಕೊಳವೆ ಇಳಿಯಿತು. ವಾಕರಿಕೆಯೊಳಗಿನಿಂದ ಅವನು ಪರದೆಯ ಮೇಲೆ ಕಣ್ಣು ನೆಟ್ಟ. ಅನ್ನನಾಳ ಗುಲಾಬಿಯಾಗಿತ್ತು, ಯಾರದಾದರೂ ಆಗಬಹುದಿತ್ತು. ಆಮೇಲೆ ಒಂದು ಬಾಗಿಲು ತೆರೆಯಿತು. ಆಚೆ ಏನೂ ಇರಲಿಲ್ಲ. ಕರಿ.

"ನೀರು ಬಿಡಿ," ಎಂದ ಗಾಸ್ಪಾರ್. ನೀರು ಬಿಟ್ಟರು. ಹೀರಿದರು. ಕರಿಯ ಹಿಂದೆ ಕರಿಯೇ ಬಂತು. ಅವನನ್ನು ಎಡಕ್ಕೆ ಹೊರಳಿಸಿದರು, ಬಲಕ್ಕೆ ಹೊರಳಿಸಿದರು. ಕರಿ ಕೂಡ ಅತ್ತಿತ್ತ ಹೊರಳಿತು.

"ಇದು ಸಾರೋ, ರಕ್ತವೋ?"

ಕೋಣೆಯಲ್ಲಿದ್ದವರೆಲ್ಲ ಅಭ್ಯಾಸಬಲದಿಂದ ವಿಲ್ಬರ್ತನ ಮುಖ ನೋಡಿದರು. ಇಂಥ ಪ್ರಶ್ನೆಗೆ ಆ ಆಸ್ಪತ್ರೆಯಲ್ಲಿ ಉತ್ತರ ಹೇಳುತ್ತಿದ್ದವನು ಅವನೊಬ್ಬನೇ. ಅವನ ಬಾಯಿಯ ಅಂಚಿನಿಂದ ಜೊಲ್ಲು ಇಳಿದು ದಿಂಬಿಗೆ ಹರಿಯಿತು.

ಆಗ ಕರಿಯ ಒಳಗಿನಿಂದ ಬೆಳ್ಳಗೆ ಏನೋ ಮೇಲೆದ್ದಿತು. ನುಣ್ಣಗೆ, ದುಂಡಗೆ, ದೀಪದ ಬೆಳಕಿಗೆ ಥಳಥಳ ಹೊಳೆಯಿತು. ಗಾಸ್ಪಾರ್ ಕೊಳವೆಯನ್ನು ಅದರ ಹತ್ತಿರಕ್ಕೆ ಒಯ್ದ. ಅದು ಸರಿದುಕೊಂಡಿತು.

"ಏನದು? ಗಡ್ಡೆಯಾ?"

ಯಾಮಿಲೆ ಪರದೆಯ ಹತ್ತಿರ ಬಗ್ಗಿ ನೋಡಿದಳು. "ಮೊಟ್ಟೆ," ಎಂದಳು. "ಕೋಳಿಯ ಹೊಟ್ಟೆಯೊಳಗೆ ಇಟ್ಟು ಬೇಯಿಸ್ತಾರಲ್ಲ, ಅದು. ತುಂಡನ್ನ ಅಗಿಯದೆ ನುಂಗಿದಾರೆ."

ಮೊದಲು ನರ್ಸು ನಕ್ಕಳು. ಆಮೇಲೆ ಗಾಸ್ಪಾರ್, ತಡೆಯಲಾರದೆ, ಕೊಳವೆ ಹಿಡಿದ ಕೈ ಅಲುಗುವ ಹಾಗೆ. ಗಾಜಿನಾಚೆ ನಿಂತಿದ್ದ ಲಿಹಿಯಾಳೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ವಿಲ್ಬರ್ತನೂ ನಗಲು ನೋಡಿದ. ಉಂಗುರದೊಳಗೆ ನಗುವಿಗೆ ಜಾಗ ಇರಲಿಲ್ಲ.

ಬಿಳಿ ತುಂಡು ನಿಧಾನವಾಗಿ ಮಗುಚಿಕೊಂಡು ಮುಳುಗಿತು. ಪರದೆಯ ಮೇಲೆ ಕೊಳವೆಯ ಪುಟ್ಟ ಬೆಳಕು ಕರಿಯ ನೀರಿನಲ್ಲಿ ಸುತ್ತುತ್ತ, ತಡವುತ್ತ, ಎಲ್ಲಾದರೂ ಒಂದು ಗೋಡೆ ಸಿಕ್ಕೀತೇ ಎಂದು ಹುಡುಕುತ್ತಲೇ ಇತ್ತು.